ಮುಧೋಳ, ಕಾರವಾನ, ಪಶ್ಮಿ: ಮೂರು ತಳಿಯೋ, ಒಂದೇ ನಾಯಿಯೋ?

ಬಾಗಲಕೋಟೆ ಜಿಲ್ಲೆಯ ಮುಧೋಳದ ನಾಯಿಗೆ ಈಚಿನ ವರ್ಷಗಳಲ್ಲಿ ದೇಶದ ತುಂಬ ಹೆಸರು ಬಂದಿದೆ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರವಿರುವ ಅಂಚೆಚೀಟಿ ತಂದಿತು. 2016ರಲ್ಲಿ ಮುಧೋಳದ ಮರಿಗಳು ಸೇನೆಯ ತರಬೇತಿಗೆಂದು ಮೀರತ್‌ಗೆ ಹೋದವು. 2020ರ ಆಗಸ್ಟ್‌ನಲ್ಲಿ ಪ್ರಧಾನಿ ತಮ್ಮ ರೇಡಿಯೋ ಭಾಷಣದಲ್ಲಿ ದೇಸಿ ನಾಯಿ ಸಾಕಿ ಎನ್ನುತ್ತ ಇದರ ಹೆಸರು ಎತ್ತಿದರು. 2024ರಲ್ಲಿ ಲಖನೌದಲ್ಲಿ ನಡೆದ ಅಖಿಲ ಭಾರತ ಪೊಲೀಸ್ ಡ್ಯೂಟಿ ಮೀಟ್‌ನಲ್ಲಿ ಗಡಿ ಭದ್ರತಾ ಪಡೆಯ 'ರಿಯಾ' ಎಂಬ ಮುಧೋಳ ನಾಯಿ ಜಾಡು ಹಿಡಿಯುವ ವಿಭಾಗದಲ್ಲಿ ವಿದೇಶಿ ತಳಿಗಳನ್ನು ಹಿಂದಿಕ್ಕಿ ಗೆದ್ದಿತು.

ಹೆಸರು ಬಂದಂತೆ ಮರಿ ಕೇಳುವವರೂ ಜಾಸ್ತಿಯಾದರು, ಗೊಂದಲವೂ ಜಾಸ್ತಿಯಾಯಿತು. ಒಬ್ಬರು ಮರಿ ತೋರಿಸಿ "ಇದು ಅಸಲಿ ಮುಧೋಳ" ಅನ್ನುತ್ತಾರೆ. ಇನ್ನೊಬ್ಬರು ಅಂಥದ್ದೇ ಮರಿ ಹಿಡಿದು "ಇದು ಮಹಾರಾಷ್ಟ್ರದ ಕಾರವಾನ, ಮುಧೋಳ ಅಲ್ಲ" ಅನ್ನುತ್ತಾರೆ. ಕಿವಿಯಲ್ಲಿ, ಬಾಲದಲ್ಲಿ ಉದ್ದನೆಯ ನವಿರು ಕೂದಲಿದ್ದರೆ "ಇದು ಪಶ್ಮಿ, ಇದರ ಜಾತಿಯೇ ಬೇರೆ" ಎಂಬ ಮಾತು. ಬೆಲೆಯೂ ಮಾತಿನ ಜೊತೆ ಏರುತ್ತದೆ. ನಾಯಿಯ ಬಗ್ಗೆ ಹೆಚ್ಚೇನೂ ಗೊತ್ತಿಲ್ಲದವರು ಯಾರನ್ನು ನಂಬಬೇಕು?

ಮೊದಲೇ ಹೇಳಿಬಿಡುತ್ತೇನೆ. ಮುಧೋಳ ಮತ್ತು ಕಾರವಾನ ಒಂದೇ ನಾಯಿಗೆ ಇರುವ ಎರಡು ಹೆಸರು. ಪಶ್ಮಿ ಅದೇ ನಾಯಿಯ ಉದ್ದ ಕೂದಲಿನ ರೂಪ. ಸೀಮೆಯಿಂದ ಸೀಮೆಗೆ ವ್ಯತ್ಯಾಸ ಇಲ್ಲವೇ ಇಲ್ಲ ಅಂತಲ್ಲ. ಇದೆ. ಆದರೆ ಆ ವ್ಯತ್ಯಾಸ ಹುಟ್ಟುವುದು ಒಂದು ಕಾರಣಕ್ಕೆ, ಬೇರೆ ಬೇರೆ ಹೆಸರು ಬಂದದ್ದು ಇನ್ನೊಂದು ಕಾರಣಕ್ಕೆ. ಎರಡನ್ನೂ ಬಿಡಿಸಿ ನೋಡಿದರೆ ಗೊಂದಲ ಬಹುಪಾಲು ಕರಗುತ್ತದೆ.

ತಳಿ ಬೇರೆ, ಬಗೆ ಬೇರೆ

ತನ್ನ ಮುಖ್ಯ ಗುಣಗಳನ್ನು ಪೀಳಿಗೆಯಿಂದ ಪೀಳಿಗೆಗೆ ದಾಟಿಸುವ ನಾಯಿಗಳ ಗುಂಪನ್ನು ತಳಿ ಎನ್ನುತ್ತೇವೆ. ಆ ಗುಂಪಿನ ಗಂಡು ಹೆಣ್ಣು ಕೂಡಿದರೆ ಮರಿ ದೊಡ್ಡದಾದ ಮೇಲೆ ಹೇಗಿರುತ್ತದೆ ಎಂದು ಹೆಚ್ಚುಕಮ್ಮಿ ಮೊದಲೇ ಹೇಳಬಹುದು. ಎತ್ತರ, ಮೂತಿಯ ಆಕಾರ, ಸ್ವಭಾವ, ಓಟದ ರೀತಿ ಇವೆಲ್ಲ ಅದರಲ್ಲಿ ಬರುತ್ತವೆ.

ಬಗೆ ಅದರೊಳಗಿನ ಮಾತು. ಒಂದೇ ತಳಿಯ ನಾಯಿಗಳು ಒಂದು ಸೀಮೆಯಲ್ಲಿ ಸ್ವಲ್ಪ ಸಪೂರವಾಗಿ, ಇನ್ನೊಂದು ಸೀಮೆಯಲ್ಲಿ ಸ್ವಲ್ಪ ದಪ್ಪ ಮೂಳೆಯವಾಗಿ ಕಾಣಬಹುದು. ಒಂದು ಕಡೆ ಕೆಂದು ಬಣ್ಣ ಹೆಚ್ಚು, ಮತ್ತೊಂದು ಕಡೆ ಬಿಳಿ ಹೆಚ್ಚು ಇರಬಹುದು. ಎರಡು ಬಗೆಗಳ ನಡುವೆ ಬೇಲಿ ಇರುವುದಿಲ್ಲ. ಗಡಿಯ ಊರುಗಳಲ್ಲಿ ಎರಡೂ ಬೆರೆತಿರುತ್ತವೆ.

ವಿಜಯಪುರ ಸೀಮೆಯ ರೈತರು ಮನೆಯಲ್ಲೇ ಎತ್ತಿಟ್ಟುಕೊಳ್ಳುವ ಬಿಳಿಜೋಳದ ಬೀಜ ಹೀಗೆಯೇ. ಪ್ರತಿ ಸಲ ಒಳ್ಳೆಯ ತೆನೆ ಆರಿಸಿ ಮುಂದಿನ ಹಿಂಗಾರಿಗೆ ಇಡುತ್ತಾರೆ. ಈ ಊರಿನ ಬೀಜಕ್ಕೂ ನಾಲ್ಕು ಹರದಾರಿ ಆಚೆಯ ಬೀಜಕ್ಕೂ ಚೂರು ಫರಕು ಇರುತ್ತದೆ. ಒಂದೇ ಹೊಲದಲ್ಲೂ ಎಲ್ಲ ತೆನೆ ಒಂದೇ ಅಳತೆ ಇರುವುದಿಲ್ಲ. ಆದರೂ ರೊಟ್ಟಿ ತಟ್ಟುವವರಿಗೆ ಅದು ಬಿಳಿಜೋಳವೇ. ಹೆಸರು, ನಂಬರು ಬರೆದ ಚೀಲದಲ್ಲಿ ಬರುವ ಬೀಜದ ಕಥೆ ಬೇರೆ. ಅಲ್ಲಿ ಗಿಡದ ಎತ್ತರವೂ ಕಟಾವಿನ ದಿನವೂ ಕಾಗದದ ಮೇಲೆ ಮೊದಲೇ ನಿಗದಿಯಾಗಿರುತ್ತವೆ.

ಕಾಗದ ಬರುವ ಮೊದಲು ಜನರ ಕೈಯಲ್ಲೇ, ಕೆಲಸದ ಅಗತ್ಯಕ್ಕೆ ತಕ್ಕಂತೆ ರೂಪುಗೊಂಡ ಇಂಥ ತಳಿಯನ್ನು ತಜ್ಞರು ಲ್ಯಾಂಡ್‌ರೇಸ್ ಎನ್ನುತ್ತಾರೆ. ನಾವು ನಾಟಿ ತಳಿ ಎಂದರೆ ಸಾಕು. ಮುಧೋಳ ನಾಯಿ ಹುಟ್ಟಿನಿಂದ ನಾಟಿ ತಳಿ. ಅದರಲ್ಲಿ ಬಗೆಗಳಿರುವುದು ದೋಷವಲ್ಲ, ಸಹಜ.

ಈ ಮೈಕಟ್ಟು ಯಾಕೆ ಹೀಗೆ

ಬೇಟೆನಾಯಿಗಳಲ್ಲಿ ಎರಡು ದೊಡ್ಡ ಪಂಗಡ. ನೆಲ ಮೂಸುತ್ತ ಜಾಡು ಹಿಡಿದು ಹೋಗುವವು ಒಂದು. ದೂರದಲ್ಲಿ ಏನೋ ಅಲುಗಾಡಿದ್ದನ್ನು ಕಣ್ಣಿನಿಂದಲೇ ಕಂಡು, ಓಡಿ ಹಿಡಿಯುವವು ಇನ್ನೊಂದು. ಈ ಎರಡನೆಯ ಪಂಗಡಕ್ಕೆ ಸೈಟ್‌ಹೌಂಡ್ ಎಂಬ ಹೆಸರಿದೆ. ಮುಧೋಳ, ಅರಬ್ ನಾಡುಗಳ ಸಲೂಕಿ, ಇಂಗ್ಲಿಷ್ ಗ್ರೇಹೌಂಡ್, ಅಫ್ಘನ್ ಹೌಂಡ್ ಎಲ್ಲ ಇದೇ ಬಳಗ. ಕಣ್ಣಿನ ಪಂಗಡಕ್ಕೆ ಸೇರಿದ ನಾಯಿ ರಿಯಾ ಜಾಡು ಹಿಡಿಯುವ ಸ್ಪರ್ಧೆಯಲ್ಲಿ ಗೆದ್ದದ್ದು ಒಂದು ತಮಾಷೆ ಅನ್ನಿಸಬಹುದು. ಕಣ್ಣಿಗೆ ಮೊದಲ ಸ್ಥಾನ ಎಂದಷ್ಟೇ ಇದರ ಅರ್ಥ. ಮೂಗೂ ನಾಯಿಯದ್ದೇ ಅಲ್ವಾ!

ಕಣ್ಣು ಮತ್ತು ಓಟದ ಮೇಲೆ ಬದುಕುವ ನಾಯಿಗೆ ಇಡೀ ದೇಹ ಅದಕ್ಕೆ ತಕ್ಕಂತೆ ಇರಬೇಕು. ಉದ್ದ, ಕಿರಿದಾದ ತಲೆಯ ಎರಡೂ ಪಕ್ಕಕ್ಕೆ ಕಣ್ಣುಗಳಿವೆ. ಹೀಗಾಗಿ ಕತ್ತು ತಿರುಗಿಸದೆಯೇ ಬಹಳ ಅಗಲದ ಬಯಲು ಕಾಣುತ್ತದೆ. ಉದ್ದ ಮೂತಿಯ ನಾಯಿಗಳ ಕಣ್ಣಿನೊಳಗಿನ ಪರದೆಯಲ್ಲಿ ನೋಟದ ಜೀವಕೋಶಗಳು ಅಡ್ಡಪಟ್ಟಿಯಾಗಿ ದಟ್ಟವಾಗಿರುತ್ತವೆ. ದಿಗಂತದ ಉದ್ದಕ್ಕೂ ಏನು ಚಲಿಸಿದರೂ ಗೊತ್ತಾಗಲು ಇದು ಅನುಕೂಲ. ಮೂತಿ ಚಪ್ಪಟೆಯಾದ ಪಗ್‌ನಂಥ ನಾಯಿಗಳಲ್ಲಿ ಅವೇ ಕೋಶಗಳು ನಡುವೆ ಒಟ್ಟುಗೂಡಿರುತ್ತವೆ.

ಎದೆಗೂಡು ಆಳ, ಹೊಟ್ಟೆ ಒಳಕ್ಕೆ ಎಳೆದುಕೊಂಡಂತೆ. ಎದೆ ಆಳವಿದ್ದರೆ ದೊಡ್ಡ ಹೃದಯಕ್ಕೂ ಶ್ವಾಸಕೋಶಕ್ಕೂ ಜಾಗ. ಬೆನ್ನು ಬಿಲ್ಲಿನ ಹಾಗೆ ಬಾಗಿ ಬಿಚ್ಚಿಕೊಳ್ಳುತ್ತದೆ. ಪೂರ್ತಿ ವೇಗದಲ್ಲಿ ಓಡುವಾಗ ಒಂದು ಸುತ್ತು ಹೆಜ್ಜೆಯಲ್ಲಿ ಎರಡು ಸಲ ನಾಲ್ಕೂ ಕಾಲು ನೆಲ ಬಿಡುತ್ತವೆ. ಒಂದು ಸಲ ಕಾಲುಗಳೆಲ್ಲ ಹೊಟ್ಟೆಯ ಕೆಳಗೆ ಕೂಡಿದಾಗ, ಇನ್ನೊಂದು ಸಲ ಮುಂದಕ್ಕೂ ಹಿಂದಕ್ಕೂ ಚಾಚಿದಾಗ. ಕುದುರೆ ಒಂದು ಸಲ ಮಾತ್ರ ಹಾಗೆ ನೆಲ ಬಿಡುತ್ತದೆ.

ಈ ಮೈಕಟ್ಟಿನಿಂದ ಜನರಿಗೆ ಆಗುವ ದೊಡ್ಡ ತಪ್ಪು ತಿಳಿವಳಿಕೆ ಒಂದಿದೆ. ಪಕ್ಕೆಲುಬು ಕಾಣುವ ಆರೋಗ್ಯವಂತ ಮುಧೋಳ ನಾಯಿಯನ್ನು ನೋಡಿ "ಪಾಪ, ಊಟ ಹಾಕಲ್ವಾ?" ಎನ್ನುತ್ತಾರೆ. ಗಂಡು ನಾಯಿಯ ಎತ್ತರ ಸುಮಾರು 68ರಿಂದ 72 ಸೆಂ.ಮೀ., ಹೆಣ್ಣಿನದು 64ರಿಂದ 68. ಅಷ್ಟು ಎತ್ತರಕ್ಕೂ ಗಂಡಿನ ತೂಕ 22ರಿಂದ 28 ಕೆ.ಜಿ. ಅಷ್ಟೇ. ಅದಕ್ಕಿಂತ ಗಿಡ್ಡ ಇರುವ ಜರ್ಮನ್ ಶೆಫರ್ಡ್ ಗಂಡು ನಾಯಿ 30 ಕೆ.ಜಿ. ದಾಟುತ್ತದೆ.

ದಖ್ಖನಿನ ಬಯಲು, ಎರಡು ರಾಜ್ಯಗಳ ಗಡಿ

ಈ ನಾಯಿಗಳ ಪೂರ್ವಜರು ಪಶ್ಚಿಮ ಮತ್ತು ಮಧ್ಯ ಏಷ್ಯಾದಿಂದ ವ್ಯಾಪಾರಿಗಳ, ಸೈನಿಕರ ಜೊತೆ ದಖ್ಖನಿಗೆ ಬಂದವು ಎಂಬುದು ಬಹುಪಾಲು ಜನ ಒಪ್ಪುವ ವಿವರಣೆ. ಸಲೂಕಿ ಮತ್ತು ಮಧ್ಯ ಏಷ್ಯಾದ ತಾಜಿ ನಾಯಿಗಳ ಪಕ್ಕ ಮುಧೋಳವನ್ನು ನಿಲ್ಲಿಸಿದರೆ ನೆಂಟಸ್ತಿಕೆ ಯಾರಿಗಾದರೂ ಕಾಣುತ್ತದೆ. ಇಲ್ಲಿಗೆ ಬಂದವು ಸ್ಥಳೀಯ ನಾಯಿಗಳ ಜೊತೆ ಬೆರೆತು, ಇಲ್ಲಿನ ಬಿಸಿಲಿಗೆ, ಇಲ್ಲಿನ ಕಾಯಿಲೆಗೆ, ರೊಟ್ಟಿ-ಮಜ್ಜಿಗೆಯ ಊಟಕ್ಕೆ ಒಗ್ಗಿದವು.

ಸೀಮೆಯ ನೆಲ ನೋಡಿದರೆ ಉಳಿದದ್ದು ಅರ್ಥವಾಗುತ್ತದೆ. ಕೃಷ್ಣಾ, ಘಟಪ್ರಭಾ, ಭೀಮಾ ನದಿಗಳ ನಡುವೆ ಮರ ಕಡಿಮೆ, ಬಯಲು ಜಾಸ್ತಿ. ಎರೆಭೂಮಿ, ಕುರುಚಲು, ಮಡ್ಡಿ. ಬೇಟೆಗೆ ಸಿಗುತ್ತಿದ್ದದ್ದು ಮೊಲ, ಚಿಗರಿ, ನರಿ. ಇವೆಲ್ಲ ಅಡಗುವುದಕ್ಕಿಂತ ಓಡುವ ಪ್ರಾಣಿಗಳು. ಅಂಥವನ್ನು ಹಿಡಿಯಲು ಕಣ್ಣಿನ ನಾಯಿಯೇ ಬೇಕು. ದಟ್ಟ ಕಾಡಿನ ಮಲೆನಾಡಿನಲ್ಲಿ ಇದಕ್ಕೆ ಕೆಲಸವಿಲ್ಲ. ಹತ್ತು ಮಾರು ಆಚೆಗೆ ಏನೂ ಕಾಣದ ಕಡೆ ಕಣ್ಣಿನ ಬೇಟೆ ನಡೆಯುವುದಿಲ್ಲ. ಹಾಗಾಗಿ ಈ ನಾಯಿಯ ಹರವು ಸಹಜವಾಗಿ ಉತ್ತರ ಕರ್ನಾಟಕದ ಬಯಲು ಮತ್ತು ಅದಕ್ಕೆ ಅಂಟಿಕೊಂಡ ಮಹಾರಾಷ್ಟ್ರದ ಬಯಲು.

ಬೇಡ ಸಮುದಾಯದವರ ಬಳಿ, ಕುರಿಗಾಹಿಗಳ ಬಳಿ ಇದ್ದ ಈ ನಾಯಿಗಳನ್ನು ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆ ಆರಿಸಿ ಬೆಳೆಸಿದರು. ಅವರು 1900ರಿಂದ 1937ರವರೆಗೆ ಆಳಿದವರು. ಒಂದು ಜೋಡಿಯನ್ನು ಬ್ರಿಟನ್ನಿನ ಐದನೇ ಜಾರ್ಜ್ ದೊರೆಗೆ ಉಡುಗೊರೆ ಕೊಟ್ಟರು, ಅಲ್ಲಿಂದ 'ಮುಧೋಳ ಹೌಂಡ್' ಎಂಬ ಹೆಸರು ನಿಂತಿತು ಎಂದು ಈ ಭಾಗದಲ್ಲಿ ಎಲ್ಲರೂ ಹೇಳುತ್ತಾರೆ. ಊರಿನ ಹೆಸರು ನಾಯಿಗೆ ಬಂದದ್ದು ಹೀಗೆ, ಅರಮನೆಯ ಮೂಲಕ.

ಇಲ್ಲೊಂದು ವಿಷಯವನ್ನು ಜನ ಸಾಮಾನ್ಯವಾಗಿ ಮರೆಯುತ್ತಾರೆ. ಘೋರ್ಪಡೆಯವರ ಕಾಲದಲ್ಲಿ ಕರ್ನಾಟಕ, ಮಹಾರಾಷ್ಟ್ರ ಎಂಬ ರಾಜ್ಯಗಳೇ ಇರಲಿಲ್ಲ. 1948ರಲ್ಲಿ ಮುಧೋಳ ಸಂಸ್ಥಾನ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1956ರಲ್ಲಿ ಆಗಿನ ಬಿಜಾಪುರ ಜಿಲ್ಲೆಯ ಜೊತೆ ಮೈಸೂರು ರಾಜ್ಯಕ್ಕೆ ಬಂತು. 1960ರಲ್ಲಿ ಮಹಾರಾಷ್ಟ್ರ ರಚನೆಯಾಯಿತು. ನಾಯಿ ಈ ಎಲ್ಲ ಗೆರೆಗಳಿಗಿಂತ ಹಳೆಯದು. ಜಮಖಂಡಿಯ ನಾಯಿ ಕರ್ನಾಟಕದ ತಳಿ, ಗಡಿ ದಾಟಿ ಜತ್ತದಲ್ಲಿ ಹುಟ್ಟಿದ ಅದರ ಮರಿ ಮಹಾರಾಷ್ಟ್ರದ ತಳಿ ಎನ್ನುವುದು ನಕಾಶೆಗೆ ಸರಿ, ನಾಯಿಗೆ ಸರಿಯಲ್ಲ.

ಹೆಸರು ಎರಡಾದದ್ದು ಹೇಗೆ

ಹಳ್ಳಿಗಳಲ್ಲಿ, ಅದರಲ್ಲೂ ಮರಾಠಿ ಸೀಮೆಯಲ್ಲಿ, ಈ ನಾಯಿಗೆ ಕಾರವಾನಿ ಎನ್ನುವ ರೂಢಿ. ಕಾರವಾನ್ ಎಂದರೆ ವ್ಯಾಪಾರಿ ತಂಡ. ಅಂಥ ತಂಡಗಳ ಜೊತೆ ಬಂದ ನಾಯಿ ಎಂಬ ನೆನಪು ಅದು. ಮುಂದೆ ಇದನ್ನು ದಾಖಲೆಗೆ ಬರೆದವರು ಇಬ್ಬರು. ಕೆನೆಲ್ ಕ್ಲಬ್ ಆಫ್ ಇಂಡಿಯಾ 'ಕಾರವಾನ್ ಹೌಂಡ್' ಎಂದು ನೋಂದಾಯಿಸುತ್ತದೆ. ಇಂಡಿಯನ್ ನ್ಯಾಷನಲ್ ಕೆನೆಲ್ ಕ್ಲಬ್ 'ಮುಧೋಳ ಹೌಂಡ್' ಎಂದು ಬರೆಯುತ್ತದೆ. ನಾಯಿ ಅದೇ, ಸರ್ಟಿಫಿಕೇಟು ಕೊಡುವವರು ಬೇರೆ.

ಮೂರನೆಯ ದಾಖಲೆ ಸರ್ಕಾರದ್ದು. ಹರಿಯಾಣದ ಕರ್ನಾಲ್‌ನಲ್ಲಿ ಪ್ರಾಣಿ ತಳಿಗಳನ್ನು ದಾಖಲಿಸುವ ರಾಷ್ಟ್ರೀಯ ಸಂಸ್ಥೆ ಎನ್‌ಬಿಎಜಿಆರ್ ಇದೆ. ದನ, ಎಮ್ಮೆ, ಕುರಿ, ಕೋಳಿಗಳ ದೇಸಿ ತಳಿಗಳಿಗೆ ಅದು ನಂಬರು ಕೊಡುತ್ತದೆ. ನಾಯಿಗಳಲ್ಲಿ ಅದು ಮೊದಲು ದಾಖಲಿಸಿದ್ದು ಮೂರು ತಳಿ: ತಮಿಳುನಾಡಿನ ರಾಜಪಾಳೆಯಂ ಮತ್ತು ಚಿಪ್ಪಿಪಾರೈ, ಕರ್ನಾಟಕದ ಮುಧೋಳ. ಹಾಗಾಗಿ ಸರ್ಕಾರದ ಕಾಗದದಲ್ಲಿ 'ಮುಧೋಳ' ಎಂಬ ಹೆಸರೇ ಗಟ್ಟಿ. ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ನಡೆಸುವ ಶ್ವಾನ ಸಂಶೋಧನಾ ಕೇಂದ್ರವೂ ಈ ಹೆಸರಿನಲ್ಲೇ ಕೆಲಸ ಮಾಡುತ್ತದೆ.

ಪಶ್ಮಿಯ ಕೂದಲಿನ ಲೆಕ್ಕ

ಇದು ಜಗಳದ ನಿಜವಾದ ಜಾಗ, ಆದ್ದರಿಂದ ನಿಧಾನವಾಗಿ ನೋಡೋಣ.

ಪಶ್ಮಿ ನಾಯಿಯ ಮೈಮೇಲೆ ಕೂದಲು ಗಿಡ್ಡವೇ. ಕಿವಿ, ಬಾಲ, ಕಾಲುಗಳ ಹಿಂಭಾಗದಲ್ಲಿ ಮಾತ್ರ ಉದ್ದ ನವಿರು ಕೂದಲು ಇಳಿಬೀಳುತ್ತದೆ. ನೋಡಲು ನಿಜಕ್ಕೂ ಚೆಂದ. ಮುಖಕ್ಕೆ ಬೇರೆಯೇ ಗತ್ತು ಬರುತ್ತದೆ. ಇಷ್ಟು ಎದ್ದು ಕಾಣುವ ವ್ಯತ್ಯಾಸ ಇರುವಾಗ ಬೇರೆ ತಳಿ ಅನ್ನಿಸುವುದು ಸಹಜ. ಆದರೆ ಕಣ್ಣಿಗೆ ದೊಡ್ಡದಾಗಿ ಕಾಣುವುದು ದೇಹದ ಲೆಕ್ಕದಲ್ಲಿ ತೀರ ಚಿಕ್ಕದಿರಬಹುದು.

ನಾಯಿಯ ದೇಹದ ಪ್ರತಿ ಜೀವಕೋಶದಲ್ಲಿ 39 ಜೋಡಿ ವರ್ಣತಂತುಗಳಿವೆ. ಅವುಗಳ ಮೇಲೆ ಸಾವಿರಾರು ಜೀನ್‌ಗಳು. ಪ್ರತಿ ಜೀನ್‌ನ ಒಂದು ಪ್ರತಿ ತಂದೆಯಿಂದ, ಒಂದು ತಾಯಿಯಿಂದ. 2009ರಲ್ಲಿ ವಿಜ್ಞಾನಿಗಳು ತೋರಿಸಿದಂತೆ, ನಾಯಿಗಳ ಕೂದಲಿನ ಬಹುತೇಕ ವೈವಿಧ್ಯಕ್ಕೆ ಕಾರಣ ಮೂರೇ ಮೂರು ಜೀನ್. ಉದ್ದ-ಗಿಡ್ಡಕ್ಕೆ ಒಂದು, ಗುಂಗುರಿಗೆ ಒಂದು, ಮೀಸೆ-ಹುಬ್ಬಿನ ಒರಟು ಕೂದಲಿಗೆ ಒಂದು. ಉದ್ದ-ಗಿಡ್ಡದ ಜೀನ್‌ಗೆ ಎಫ್‌ಜಿಎಫ್5 ಎಂದು ಹೆಸರು. ಕೂದಲು ಇಷ್ಟು ಬೆಳೆದರೆ ಸಾಕು, ಇನ್ನು ನಿಲ್ಲಿಸು ಎಂದು ಹೇಳುವುದು ಇದರ ಕೆಲಸ. ಈ ಜೀನ್ ಕೆಟ್ಟರೆ ಕೂದಲು ಇನ್ನಷ್ಟು ದಿನ ಬೆಳೆಯುತ್ತದೆ.

ಎರಡು ಪ್ರತಿಗಳಲ್ಲಿ ಒಂದು ಸರಿಯಿದ್ದರೂ "ನಿಲ್ಲಿಸು" ಎಂಬ ಆಜ್ಞೆ ಹೋಗುತ್ತದೆ, ಕೂದಲು ಗಿಡ್ಡವಾಗಿಯೇ ಉಳಿಯುತ್ತದೆ. ಎರಡೂ ಕೆಟ್ಟಿದ್ದರೆ ಮಾತ್ರ ಉದ್ದ. ಅಂದರೆ ನುಣುಪು ಮೈಯ ನಾಯಿ ಒಳಗೊಳಗೇ ಉದ್ದ ಕೂದಲಿನ ಒಂದು ಪ್ರತಿಯನ್ನು ಹೊತ್ತು ತಿರುಗುತ್ತಿರಬಹುದು. ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಅಂಥ ಎರಡು ನಾಯಿ ಕೂಡಿದರೆ ಪ್ರತಿ ಮರಿಗೂ ಉದ್ದ ಕೂದಲು ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ತಂದೆ-ತಾಯಿ ಎರಡೂ ನುಣುಪು, ಒಂದೇ ಸೂಲಿನ ಮರಿಗಳಲ್ಲಿ ಮಾತ್ರ ಒಂದಕ್ಕೆ ಜೋಲು ಕೂದಲು! ಇದನ್ನು ನೋಡಿ "ಎಲ್ಲೋ ಬೆರಕೆಯಾಗಿದೆ" ಎಂದು ಆ ಹೆಣ್ಣುನಾಯಿಯ ಮೇಲೆ ಅನುಮಾನ ಪಡುವವರಿದ್ದಾರೆ. ಪಾಪ, ಅದರ ತಪ್ಪೇನೂ ಇರುವುದಿಲ್ಲ.

ಉದ್ದ ಕೂದಲಿನ ಎರಡು ನಾಯಿ ಕೂಡಿದರೆ ಲೆಕ್ಕ ಸರಳ. ಕೊಡಲು ಅವುಗಳ ಬಳಿ ಇರುವುದು ಉದ್ದ ಕೂದಲಿನ ಪ್ರತಿ ಮಾತ್ರ. ಮರಿಗಳೆಲ್ಲ ಉದ್ದ ಕೂದಲಿನವೇ. ಹಾಗಾಗಿ ಯಾವುದೋ ಊರಲ್ಲಿ ನಾಲ್ಕು ಜನ ಪಶ್ಮಿಗೆ ಪಶ್ಮಿಯನ್ನೇ ಕೂಡಿಸುತ್ತ ಬಂದರೆ, ಕೆಲವೇ ಪೀಳಿಗೆಯಲ್ಲಿ ಆ ಸುತ್ತಿನಲ್ಲಿ ಪಶ್ಮಿಯೇ ತುಂಬಿಕೊಳ್ಳುತ್ತದೆ. ಹೊರಗಿನವರಿಗೆ ಅದು 'ಆ ಊರಿನ ತಳಿ' ಎಂದು ಕಾಣುತ್ತದೆ.

ಸಲೂಕಿಯಲ್ಲೂ ಇದೇ ಕಥೆ. ಅಲ್ಲಿ ನುಣುಪು ಸಲೂಕಿ, ಗರಿಯಂಥ ಕೂದಲಿನ ಸಲೂಕಿ ಎರಡೂ ಒಂದೇ ತಳಿ ಎಂದು ಪ್ರಪಂಚದ ಎಲ್ಲ ಕ್ಲಬ್ಬುಗಳು ಒಪ್ಪಿವೆ, ಎರಡಕ್ಕೂ ಒಂದೇ ನಿಯಮಪಟ್ಟಿ. ಪಶ್ಮಿಯನ್ನು ಬೇರೆ ತಳಿ ಎಂದು ಹೇಳಬೇಕಾದರೆ ಕೂದಲಿಗಿಂತ ಹೆಚ್ಚಿನದೇನಾದರೂ ತೋರಿಸಬೇಕಾಗುತ್ತದೆ.

ಹಾಗಾದರೆ ಬಯಲಿನಲ್ಲಿ ನುಣುಪು ಮೈಯವೇ ಯಾಕೆ ಹೆಚ್ಚು? ಉತ್ತರಾಣಿ, ನೆಗ್ಗಿಲಮುಳ್ಳು, ಹುಲ್ಲಿನ ಸೂಜಿಗಳು ಜೋಲು ಕೂದಲಿಗೆ ಹೇಗೆ ಹತ್ತಿಕೊಳ್ಳುತ್ತವೆ ಎಂದು ಹೊಲದಲ್ಲಿ ತಿರುಗಿದವರಿಗೆ ಗೊತ್ತು. ದಿನವೂ ಓಡಿಸುವ ನಾಯಿಗೆ ಗಿಡ್ಡ ಕೂದಲು ಸಲೀಸು. ನೋಟಕ್ಕೆ, ಗತ್ತಿಗೆ ಸಾಕುವವರಿಗೆ ಪಶ್ಮಿ ಪ್ರಿಯ. ಸಾಕುವವರ ಕೈ ಯಾವುದನ್ನು ಆರಿಸುತ್ತದೋ ಅದು ಹೆಚ್ಚುತ್ತದೆ.

ಮೈಕಟ್ಟಿನ ಫರಕು ಎಲ್ಲಿಂದ

ಕೂದಲು ಬಿಟ್ಟರೆ ಉಳಿದ ವ್ಯತ್ಯಾಸಗಳೂ ಇವೆ. ಕೆಲವು ಕಡೆ ತೀರ ಸಪೂರ, ಎತ್ತರದ ನಾಯಿಗಳು. ಕೆಲವು ಕಡೆ ಮೂಳೆ ದಪ್ಪ, ತಲೆ ಅಗಲ. ಇದಕ್ಕೆ ಮೂರು ಕಾರಣ ಮುಖ್ಯ.

ಒಂದು, ಬೀಜದ ನಾಯಿ. ಒಂದು ಸೀಮೆಯಲ್ಲಿ ಹೆಸರು ಮಾಡಿದ ಗಂಡು ನಾಯಿ ಇದ್ದರೆ ಸುತ್ತಲಿನ ಹಳ್ಳಿಗಳವರೆಲ್ಲ ತಮ್ಮ ಹೆಣ್ಣುನಾಯಿಯನ್ನು ಅಲ್ಲಿಗೇ ತರುತ್ತಾರೆ. ಎರಡು ಪೀಳಿಗೆ ಕಳೆಯುವಷ್ಟರಲ್ಲಿ ಆ ಒಂದು ನಾಯಿಯ ಮುಖ, ಆ ಒಂದು ನಾಯಿಯ ಬಣ್ಣ ಇಡೀ ಸೀಮೆಯ ಗುರುತಾಗುತ್ತದೆ. ಒಳ್ಳೆಯದರ ಜೊತೆ ಅದರ ದೋಷವೂ ಹರಡುತ್ತದೆ. ಹತ್ತಿರದ ಸಂಬಂಧದಲ್ಲೇ ಮತ್ತೆ ಮತ್ತೆ ಕೂಡಿಸಿದರೆ ಮರೆಯಲ್ಲಿದ್ದ ಕೆಟ್ಟ ಜೀನ್‌ಗಳ ಎರಡೂ ಪ್ರತಿ ಒಂದೇ ಮರಿಗೆ ಸಿಗುವ ಅಪಾಯ ಹೆಚ್ಚು.

ಎರಡು, ಕೆಲಸ. ಮೊಲದ ಹಿಂದೆ ಓಡುವ ನಾಯಿಗೆ ಚುರುಕಾಗಿ ತಿರುಗುವುದು ಮುಖ್ಯ. ಕುರಿಹಟ್ಟಿ ಕಾಯುತ್ತ ತೋಳವನ್ನು ಎದುರಿಸಬೇಕಾದ ನಾಯಿಗೆ ಮೈ ತೂಕವೂ ಧೈರ್ಯವೂ ಬೇಕು. ಕೆಲಸ ಬೇರೆಯಾದ ಕಡೆ ಆರಿಸುವ ಮರಿಯೂ ಬೇರೆ.

ಮೂರು, ಬೆರಕೆ. ಬ್ರಿಟಿಷರ ಕಾಲದಿಂದಲೂ ಇಲ್ಲಿಗೆ ಇಂಗ್ಲಿಷ್ ಗ್ರೇಹೌಂಡ್‌ಗಳು ಬಂದಿವೆ. ಓಟದ ಪಂದ್ಯದಲ್ಲಿ ವೇಗಕ್ಕಾಗಿ ಗ್ರೇಹೌಂಡ್ ರಕ್ತ ಬೆರೆಸುವ ಆಸೆ ಹಲವರಿಗೆ. ಗ್ರೇಹೌಂಡ್ ಗಂಟೆಗೆ 70 ಕಿ.ಮೀ. ಹತ್ತಿರದ ವೇಗದಲ್ಲಿ ಅಲ್ಪ ದೂರ ಓಡುವ ನಾಯಿ. ಬಿಸಿಲಿನಲ್ಲಿ ಏರಿಳಿತದ ನೆಲದ ಮೇಲೆ ದೂರ ಓಡುವುದು ಮುಧೋಳದ ಶಕ್ತಿ. ಬೆರಕೆಯಾದ ನಾಯಿಯ ತೊಡೆಯ ಸ್ನಾಯು ಉಬ್ಬಿರುತ್ತದೆ. ಕಿವಿಯನ್ನು ನೋಡಿದರೂ ಒಂದು ಸುಳಿವು ಸಿಗುತ್ತದೆ: ಮುಧೋಳದ ಕಿವಿ ತ್ರಿಕೋನವಾಗಿ, ಕೆನ್ನೆಗೆ ಒತ್ತಿಕೊಂಡು ಇಳಿಬಿದ್ದಿರುತ್ತದೆ. ಗ್ರೇಹೌಂಡ್‌ನದು ಹಿಂದಕ್ಕೆ ಮಡಚಿಕೊಂಡಿರುತ್ತದೆ.

ಇದನ್ನೆಲ್ಲ ಹೇಳಿದ ಮೇಲೂ ಒಂದು ಮಾತು ಉಳಿಯುತ್ತದೆ. ನಾಟಿ ತಳಿಯಲ್ಲಿ ಒಂದೇ ಊರಿನ ಎರಡು ನಾಯಿಗಳ ನಡುವಿನ ಅಂತರ, ಎರಡು ಜಿಲ್ಲೆಗಳ ನಡುವಿನ ಅಂತರಕ್ಕಿಂತ ದೊಡ್ಡದಿರಬಹುದು. ಫೋಟೋ ಒಂದನ್ನು ನೋಡಿ "ಇದು ಇಂಥ ತಾಲ್ಲೂಕಿನದು" ಎಂದು ಹೇಳುವವರ ಆತ್ಮವಿಶ್ವಾಸ ಮೆಚ್ಚಬೇಕು, ಮಾತು ನಂಬಬೇಕಿಲ್ಲ.

ಬೇರೆ ಕಡೆಯೂ ಇದೇ ವಾದ

ನಮ್ಮ ಪಕ್ಕದ ತಮಿಳುನಾಡಿನಲ್ಲೇ ಇಂಥದ್ದೊಂದು ಜೋಡಿ ಇದೆ. ಅಲ್ಲಿನ ಚಿಪ್ಪಿಪಾರೈ ಮತ್ತು ಕನ್ನಿ ನಾಯಿಗಳ ಮೈಕಟ್ಟು ಒಂದೇ ಥರ. ಕನ್ನಿ ಎಂದರೆ ಹೆಚ್ಚಾಗಿ ಕಪ್ಪು ಮೈ, ಕಂದು ಗುರುತು. ಉಳಿದ ಬಣ್ಣದವು ಚಿಪ್ಪಿಪಾರೈ. ಎರಡೂ ಒಂದೇ ತಳಿ, ಬಣ್ಣದ ಮೇಲೆ ಹೆಸರು ಅಷ್ಟೇ ಎನ್ನುವವರು ಅನೇಕರು, ಒಪ್ಪದವರೂ ಇದ್ದಾರೆ. ಉತ್ತರ ಪ್ರದೇಶದ ರಾಂಪುರ ಹೌಂಡ್ ಕಥೆ ಬೇರೆ. ಅಲ್ಲಿನ ನವಾಬರು ತಾಜಿ ಮತ್ತು ಇಂಗ್ಲಿಷ್ ಗ್ರೇಹೌಂಡ್‌ಗಳನ್ನು ಬೇಕೆಂದೇ ಬೆರೆಸಿ, ಹೊಸ ತಳಿಯನ್ನೇ ಮಾಡಿದರು.

ಸಲೂಕಿಯ ಉದಾಹರಣೆ ಇನ್ನೂ ಸ್ಪಷ್ಟ. ಅರೇಬಿಯಾದ ಮರಳುಗಾಡಿನ ಸಲೂಕಿಗಳು ಸಾಮಾನ್ಯವಾಗಿ ಚಿಕ್ಕವು, ಸಪೂರ, ಕೂದಲು ಕಡಿಮೆ. ಉತ್ತರಕ್ಕೆ ಸಿರಿಯಾ, ಇರಾಕ್, ಇರಾನ್ ಕಡೆ ಹೋದಂತೆ ದೊಡ್ಡ ಮೈ, ಹೆಚ್ಚು ಕೂದಲಿನವು ಜಾಸ್ತಿ. 1923ರಲ್ಲಿ ಬ್ರಿಟನ್ನಿನ ಕೆನೆಲ್ ಕ್ಲಬ್ ಸಲೂಕಿಗೆ ಮಾನ್ಯತೆ ಕೊಟ್ಟಾಗ ಈ ಎಲ್ಲ ಬಗೆಗಳೂ ಕಣ್ಣ ಮುಂದಿದ್ದವು. ಒಂದನ್ನು ಸರಿ, ಉಳಿದವು ತಪ್ಪು ಎನ್ನಲಿಲ್ಲ. ಎತ್ತರವನ್ನು 58ರಿಂದ 71 ಸೆಂ.ಮೀ. ಎಂದು ಬರೆದರು. 13 ಸೆಂ.ಮೀ. ಅಂತರ ನಾಯಿಗಳ ನಿಯಮಪಟ್ಟಿಯಲ್ಲಿ ತುಂಬ ದೊಡ್ಡದು. ಹೆಣ್ಣುಗಳು ಇನ್ನೂ ಚಿಕ್ಕವಿದ್ದರೂ ಆದೀತು ಎಂದರು.

ಇದಕ್ಕೆ ಎದುರಾದದ್ದು ಮೊರಾಕ್ಕೊ ಕಡೆಯ ಸ್ಲೂಗಿ. ನೋಡಲು ನುಣುಪು ಸಲೂಕಿಯ ಹಾಗೆಯೇ ಇದೆ. ಅದನ್ನು ಸಲೂಕಿಯ ಒಂದು ಬಗೆ ಎಂದುಕೊಂಡವರೂ ಇದ್ದರು. ಆದರೆ ಅದು ಬಹುಕಾಲ ಬೇರೆಯಾಗಿ ಬೆಳೆದ ಗುಂಪು, ಉದ್ದ ಕೂದಲಿನ ಸ್ಲೂಗಿ ಇಲ್ಲವೇ ಇಲ್ಲ. ಈಗ ಅದು ಪ್ರತ್ಯೇಕ ತಳಿ. ಒಂದೇ ಥರ ಕಾಣುವ ಎರಡು ನಾಯಿ ಬೇರೆ ತಳಿಯಾಗಿರಬಹುದು, ಬೇರೆ ಥರ ಕಾಣುವ ಎರಡು ಒಂದೇ ತಳಿಯಾಗಿರಬಹುದು. ನೋಡಬೇಕಾದದ್ದು ಎರಡು ಗುಂಪುಗಳ ನಡುವೆ ರಕ್ತಸಂಬಂಧ ಹರಿಯುತ್ತಿದೆಯೇ, ನಿಂತಿದೆಯೇ ಎಂಬುದನ್ನು. ಮುಧೋಳ-ಕಾರವಾನಗಳ ನಡುವೆ ಅದು ಎಂದೂ ನಿಂತಿಲ್ಲ.

ಬೇಟೆ ನಿಂತ ಮೇಲೆ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ಬಂದೂಕು ಹಾರಿಸಿದರೆ ಮಾತ್ರ ಬೇಟೆ ಅಂತಲ್ಲ. ಪ್ರಾಣಿಯನ್ನು ಬೆನ್ನಟ್ಟಿಸುವುದೂ, ಬಲೆ ಹಾಕುವುದೂ, ಹಿಡಿಯುವುದೂ ಕಾಯ್ದೆಯ ಅರ್ಥದಲ್ಲಿ ಬೇಟೆಯೇ. ಚಿಗರಿಗೆ, ಅಂದರೆ ಕೃಷ್ಣಮೃಗಕ್ಕೆ, ಅತಿ ಹೆಚ್ಚಿನ ರಕ್ಷಣೆ ಇದೆ. ಮೊಲಕ್ಕೂ ರಕ್ಷಣೆ ಇದೆ. ನಾಯಿ ಬಿಟ್ಟು ಮೊಲ ಹಿಡಿಸಿ ವಿಡಿಯೋ ಹಾಕುವವರು ತಮ್ಮ ಮೇಲೆ ತಾವೇ ಸಾಕ್ಷಿ ಒದಗಿಸುತ್ತಿರುತ್ತಾರೆ.

ಇದರಿಂದ ತಳಿಯ ಮೇಲೆ ಆಗಿರುವ ಪರಿಣಾಮ ಮೌನವಾದದ್ದು, ಆದರೆ ದೊಡ್ಡದು. ಮೊದಲು ಯಾವ ನಾಯಿಯ ಮರಿ ಉಳಿಸಿಕೊಳ್ಳಬೇಕು ಎಂದು ತೀರ್ಮಾನಿಸುತ್ತಿದ್ದದ್ದು ಬಯಲು. ಓಡಲಾರದ, ಬಿಸಿಲು ತಡೆಯಲಾರದ ನಾಯಿಯ ಮರಿ ಯಾರಿಗೂ ಬೇಕಿರಲಿಲ್ಲ. ಈಗ ತೀರ್ಮಾನಿಸುವವರು ಬೇರೆ: ಪ್ರದರ್ಶನದ ತೀರ್ಪುಗಾರರು, ಪಂದ್ಯದ ಹುಚ್ಚಿನವರು, ಮೊಬೈಲಿನಲ್ಲಿ ಫೋಟೋ ನೋಡಿ ಕೊಳ್ಳುವವರು, ಮತ್ತು ಮೂಗು, ವಿಧೇಯತೆ ಬೇಕೆನ್ನುವ ಭದ್ರತಾ ಪಡೆಗಳು. ಒಬ್ಬೊಬ್ಬರಿಗೆ ಒಂದೊಂದು ಗುಣ ಬೇಕು. ಮುಂದಿನ ಬಗೆಗಳು ಊರಿನ ಹೆಸರಿನಿಂದ ಹುಟ್ಟುವುದಕ್ಕಿಂತ ಈ ಬೇಡಿಕೆಗಳಿಂದ ಹುಟ್ಟುವ ಸಾಧ್ಯತೆಯೇ ಹೆಚ್ಚು ಎಂದು ನನಗನ್ನಿಸುತ್ತದೆ.

ಮರಿ ತರುವ ಮುಂಚೆ

ಸರ್ಟಿಫಿಕೇಟಿನಲ್ಲಿ 'ಕಾರವಾನ್ ಹೌಂಡ್' ಎಂದಿದ್ದರೆ ಗಾಬರಿ ಬೇಡ, ಮೋಸವೂ ಅಲ್ಲ. ಯಾವ ಕ್ಲಬ್ ಕೊಟ್ಟದ್ದು ಎಂದು ನೋಡಿದರೆ ಸಾಕು. ಹೆಸರಿಗಿಂತ ಮುಖ್ಯವಾದದ್ದು ತಂದೆ-ತಾಯಿ. ಎರಡನ್ನೂ ಕಣ್ಣಾರೆ ನೋಡಿ. ಅವುಗಳ ನಡುವೆ ಹತ್ತಿರದ ಸಂಬಂಧ ಇದೆಯೇ ಎಂದು ಕೇಳಿ. "ಅಣ್ಣ-ತಂಗಿ ಮರಿ, ರಕ್ತ ಶುದ್ಧ" ಎಂದು ಹೆಮ್ಮೆಯಿಂದ ಹೇಳಿದರೆ ಅಲ್ಲಿಂದ ಹೊರಡುವುದು ಮೇಲು. ಪಶ್ಮಿ ಎಂದು ಜಾಸ್ತಿ ದುಡ್ಡು ಕೇಳಿದರೆ ನೆನಪಿರಲಿ: ಜೋಲು ಕೂದಲು ಪೂರ್ತಿ ಬರಲು ತಿಂಗಳುಗಳೇ ಬೇಕು, ಮತ್ತು ನೀವು ಹೆಚ್ಚಿಗೆ ಕೊಡುತ್ತಿರುವುದು ಕೂದಲಿಗೆ ಮಾತ್ರ.

ಓಡಲು ಜಾಗವಿಲ್ಲದ ಮನೆಗೆ ಈ ನಾಯಿ ಬೇಡ. ಬೀದಿಯಲ್ಲಿ ಹಗ್ಗ ಬಿಚ್ಚಿ ಬಿಡುವುದೂ ಬೇಡ. ಬೆಕ್ಕೋ ಮೇಕೆಮರಿಯೋ ಓಡಿದ್ದು ಕಂಡರೆ ನಿಮ್ಮ ಕೂಗು ಅದರ ಕಿವಿಗೆ ಬೀಳುವುದಿಲ್ಲ. ಅದು ಕೆಟ್ಟ ನಾಯಿ ಎಂದಲ್ಲ, ಶತಮಾನಗಳ ಕಾಲ ಅದಕ್ಕಾಗಿಯೇ ಆರಿಸಿದ ನಾಯಿ.

ವೈದ್ಯರ ಬಳಿ ಹೋದಾಗ ಇದು ಸೈಟ್‌ಹೌಂಡ್ ಎಂದು ಮೊದಲೇ ಹೇಳಿ. ಸಾಮಾನ್ಯ ನಾಯಿಯ ರಕ್ತದಲ್ಲಿ ಕೆಂಪು ಕಣಗಳ ಪಾಲು ಸುಮಾರು ಶೇಕಡ 37ರಿಂದ 55. ಗ್ರೇಹೌಂಡ್‌ನಲ್ಲಿ ಅದು 50ರಿಂದ 65 ಇದ್ದರೂ ಆರೋಗ್ಯವೇ. ಥೈರಾಯ್ಡ್ ಹಾರ್ಮೋನು ಈ ಬಳಗದಲ್ಲಿ ಸಹಜವಾಗಿಯೇ ಕಡಿಮೆ. ಗೊತ್ತಿಲ್ಲದವರು ವರದಿ ನೋಡಿ ಇಲ್ಲದ ಕಾಯಿಲೆಗೆ ಮದ್ದು ಕೊಡಬಹುದು. ಅರಿವಳಿಕೆ ಇನ್ನೂ ಸೂಕ್ಷ್ಮ. ಮೈಯಲ್ಲಿ ಕೊಬ್ಬು ತೀರ ಕಡಿಮೆ. ಥಯೋಪೆಂಟಾಲ್‌ನಂಥ ಹಳೆಯ ಅರಿವಳಿಕೆ ಮದ್ದನ್ನು ಕರಗಿಸುವ ಕೆಲಸ ಗ್ರೇಹೌಂಡ್‌ನ ಯಕೃತ್ತಿನಲ್ಲಿ ನಿಧಾನ. ಬೇರೆ ನಾಯಿ ಎದ್ದು ಓಡಾಡುವ ಹೊತ್ತಿಗೆ ಗ್ರೇಹೌಂಡ್ ಇನ್ನೂ ಮಂಪರಿನಲ್ಲೇ ಇರುತ್ತದೆ. ಮುಧೋಳಕ್ಕೂ ಅದೇ ಎಚ್ಚರಿಕೆ ಒಳ್ಳೆಯದು. ಬೇರೆ ಮದ್ದುಗಳಿವೆ, ವೈದ್ಯರಿಗೆ ಗೊತ್ತಿರುತ್ತವೆ. ಸಂತಾನಹರಣದ ಆಪರೇಷನ್ನಿಗೆ ಕರೆದೊಯ್ಯುವ ದಿನ, ಮೇಜಿನ ಮೇಲೆ ಮಲಗಿಸುವ ಮುಂಚೆಯೇ ಈ ಮಾತು ಆಗಬೇಕು.